ಮನೆಯಲ್ಲೇ ಆರೈಕೆ ಮಾಡುವವರಿಗೆ ಸರ್ಕಾರದ ನೆರವು: ಕೋಲಾರ ಜಿಲ್ಲೆಯಲ್ಲಿ ಬಳಸಿ ನೋಡಿದ ಮೇಲೆ

ಹಾಸಿಗೆ ಹಿಡಿದವರನ್ನು ಮನೆಯಲ್ಲೇ ನೋಡಿಕೊಳ್ಳುವ ಕುಟುಂಬಗಳಿಗೆ ಸರ್ಕಾರ ಏನು ಕೊಡುತ್ತದೆ ಎಂದು ಕೇಳಿದರೆ ಎಲ್ಲರೂ ಮೊದಲು ಹೇಳುವುದು ತಿಂಗಳಿಗೆ ಎಷ್ಟು ರೂಪಾಯಿ ಎಂಬುದನ್ನೇ. ಹಣ ಮುಖ್ಯ, ಅದನ್ನು ಕಡೆಗಣಿಸುವ ಸ್ಥಿತಿಯಲ್ಲಿ ನಮ್ಮ ಜಿಲ್ಲೆಯ ಯಾವ ಮನೆಯೂ ಇಲ್ಲ. ಆದರೆ ಈ ಯೋಜನೆಗಳನ್ನು ಒಂದೊಂದಾಗಿ ಬಳಸಿ ನೋಡಿದ ಮೇಲೆ ನನಗೆ ಅದಕ್ಕಿಂತ ದೊಡ್ಡದಾಗಿ ಕಂಡ ಪ್ರಶ್ನೆ ಬೇರೆಯದು: ಈ ನೆರವನ್ನು ಪಡೆಯಲು ಆರೈಕೆ ಮಾಡುವವಳು ರೋಗಿಯ ಪಕ್ಕದಿಂದ ಎಷ್ಟು ಹೊತ್ತು ಎದ್ದು ಹೋಗಬೇಕು, ಮತ್ತು ಆ ಹೊತ್ತಿನಲ್ಲಿ ರೋಗಿಯನ್ನು ನೋಡಿಕೊಳ್ಳುವವರು ಯಾರು? ಮನೆ ಬಾಗಿಲಿಗೆ ಬರುವ ಸೇವೆ ಚಿಕ್ಕದಾದರೂ ಉಪಕಾರ ಮಾಡುತ್ತದೆ. ಕಚೇರಿಗೆ ಅಲೆಸುವ ಸೇವೆ ದೊಡ್ಡದಾದರೂ ಅರ್ಧ ಕೈಗೆ ಬರುವಷ್ಟರಲ್ಲಿ ಉಳಿದರ್ಧ ಬಸ್ಸಿನಲ್ಲಿ, ಸಾಲಿನಲ್ಲಿ, ಝೆರಾಕ್ಸ್ ಅಂಗಡಿಯಲ್ಲಿ ಕಳೆದುಹೋಗುತ್ತದೆ. ಈ ಅಳತೆಯನ್ನೇ ಹಿಡಿದು ಬರೆಯುತ್ತಿದ್ದೇನೆ.

ನನ್ನ ಅನುಭವ ಎರಡು ಮನೆಗಳದ್ದು. ಮುಳಬಾಗಿಲು ತಾಲ್ಲೂಕಿನ ನಮ್ಮ ಮನೆಯಲ್ಲಿ ಅತ್ತೆಯವರಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿದೆ, ಅದರ ಹಿಂದೆಯೇ ಮರೆವಿನ ಕಾಯಿಲೆಯೂ ಬಂದಿದೆ. ಶ್ರೀನಿವಾಸಪುರದ ಕಡೆ ಇರುವ ನನ್ನ ತಂಗಿಯ ಮಗನಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ. ಇಬ್ಬರಿಗೂ ಊಟ ಮಾಡಿಸಬೇಕು, ಮಗ್ಗುಲು ಬದಲಿಸಬೇಕು, ಮಲಮೂತ್ರ ಶುಚಿ ಮಾಡಬೇಕು, ರಾತ್ರಿ ಎದ್ದು ನೋಡಬೇಕು. ನಾನು ಶಾಲೆಯ ಕೆಲಸ ಬಿಟ್ಟೆ, ತಂಗಿ ಹೊಲದ ಕೂಲಿ ಬಿಟ್ಟಳು. ನಮ್ಮಿಬ್ಬರ ದಿನಚರಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಹೆಚ್ಚಿಲ್ಲ. ಸರ್ಕಾರದ ದಾಖಲೆಯಲ್ಲಿ ಮಾತ್ರ ನಾವಿಬ್ಬರೂ ಬೇರೆ ಬೇರೆ ಜಾತಿಯ ಆರೈಕೆದಾರರು.

ಆ ವ್ಯತ್ಯಾಸ ಶುರುವಾಗುವುದು ಆರೈಕೆದಾರರ ಭತ್ಯೆಯಿಂದ. ರಾಜ್ಯ ಸರ್ಕಾರ 2024–25ರ ಆಯವ್ಯಯದಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್‌ಸನ್ಸ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನಾಲ್ಕು ಕಾಯಿಲೆಗಳಿರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಭತ್ಯೆ ಘೋಷಿಸಿತು. ಇದರ ಹಿಂದೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಇದೆ. ಆರೈಕೆ ಮಾಡುವವರು ಎಂದರೆ ತಂದೆತಾಯಿ ಮತ್ತು ಕುಟುಂಬದ ಇತರರೂ ಸೇರಿ, ಹಣ ಪಡೆದೋ ಪಡೆಯದೆಯೋ ಅಂಗವಿಕಲರಿಗೆ ಆಸರೆಯಾಗಿ ನಿಂತವರು ಎಂದು ಆ ಕಾಯ್ದೆ ಬರೆದಿಟ್ಟಿದೆ. ಹೆಚ್ಚಿನ ಬೆಂಬಲದ ಅಗತ್ಯವಿರುವವರಿಗೆ ಆರೈಕೆ ಭತ್ಯೆ ಕೊಡುವ ಮಾತನ್ನು 24ನೇ ಕಲಮಿನಲ್ಲಿ ಸೇರಿಸಿದೆ. ಮಗನ ಅಂಗವೈಕಲ್ಯಕ್ಕೆ ಪಿಂಚಣಿ ಮೊದಲಿಂದಲೂ ಇತ್ತು. ಅವನನ್ನು ಎತ್ತಿ ಇಳಿಸುವ ತಾಯಿಯೂ ಒಂದು ಕೆಲಸ ಮಾಡುತ್ತಿದ್ದಾಳೆ ಎಂದು ಸರ್ಕಾರ ಒಪ್ಪಿಕೊಂಡದ್ದು ಈ ಭತ್ಯೆಯಲ್ಲಿ. ಹಾಗಾಗಿ ಮೊತ್ತ ಎಷ್ಟೇ ಇರಲಿ, ಈ ಯೋಜನೆಯನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ.

ಮೊತ್ತದ ಬಗ್ಗೆಯೂ ಹೇಳಲೇಬೇಕು. ಅದೇ 2024–25ರಲ್ಲಿ ನಮ್ಮ ರಾಜ್ಯದಲ್ಲಿ ನರೇಗಾ ದಿನಗೂಲಿ 349 ರೂಪಾಯಿ ಇತ್ತು. ತಿಂಗಳ ಮೂವತ್ತು ಹಗಲು, ಮೂವತ್ತು ರಾತ್ರಿಯ ದುಡಿಮೆಗೆ ಸಿಗುವ ಭತ್ಯೆ ಮೂರು ದಿನದ ಕೂಲಿಗೂ ಸಾಲದು. ಕೂಲಿ ಬಿಟ್ಟು ಮನೆಯಲ್ಲಿ ಕುಳಿತ ತಂಗಿಯಂಥವರಿಗೆ ಇದು ಕಳೆದುಕೊಂಡ ಸಂಪಾದನೆಯನ್ನು ತುಂಬಿಕೊಡುವುದಿಲ್ಲ. ಡೈಪರ್, ಹತ್ತಿ, ಮುಲಾಮಿನ ಖರ್ಚಿಗೆ ಒಂದಷ್ಟು ಒದಗುತ್ತದೆ.

ಮೊತ್ತಕ್ಕಿಂತ ನನಗೆ ಹೆಚ್ಚು ನೋವು ತಂದದ್ದು ನಾಲ್ಕೇ ಕಾಯಿಲೆಗಳ ಗಡಿ. ಲಕ್ವ ಹೊಡೆದು ಮಲಗಿದವರು, ಮರೆವಿನ ಕಾಯಿಲೆಯವರು, ಬೆನ್ನುಹುರಿ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರು, ತೀವ್ರ ಬುದ್ಧಿಮಾಂದ್ಯದ ಮಕ್ಕಳು, ಇವರ ಮನೆಯವರೆಲ್ಲ ಈ ಭತ್ಯೆಯ ಹೊರಗೆ ಉಳಿದಿದ್ದಾರೆ. ನಮ್ಮ ಹಳ್ಳಿಗಳಲ್ಲಿ ಹಾಸಿಗೆ ಹಿಡಿದ ಹಿರಿಯರಲ್ಲಿ ಎಷ್ಟೋ ಮಂದಿ ಲಕ್ವದವರೇ. ಪಕ್ಕದ ಕೇರಳ ಈ ಗಂಟನ್ನು ಬೇರೆ ರೀತಿಯಲ್ಲಿ ಬಿಡಿಸಿದೆ. ಅಲ್ಲಿನ ಆಶ್ವಾಸಕಿರಣಂ ಯೋಜನೆಯ ಮೊತ್ತ 600 ರೂಪಾಯಿ, ನಮ್ಮದಕ್ಕಿಂತ ಕಡಿಮೆಯೇ. ಆದರೆ ಪೂರ್ಣಾವಧಿ ಆರೈಕೆ ಬೇಕಾದ ಕ್ಯಾನ್ಸರ್ ರೋಗಿ, ಪಾರ್ಶ್ವವಾಯು ಪೀಡಿತ, ವಯಸ್ಸಾಗಿ ಹಾಸಿಗೆ ಹಿಡಿದವರು, ಇವರೆಲ್ಲರ ಆರೈಕೆದಾರರನ್ನೂ ಅದು ಒಳಗೆ ಸೇರಿಸಿಕೊಳ್ಳುತ್ತದೆ. ಕಾಯಿಲೆಯ ಹೆಸರಿನ ಬದಲು ಆರೈಕೆಯ ಅಗತ್ಯವನ್ನು ಅಳೆದರೆ ಸಾಕು, ನಮ್ಮಲ್ಲೂ ಈ ಭೇದ ಹೋಗುತ್ತದೆ. ತಾಲ್ಲೂಕು ಆಸ್ಪತ್ರೆಯ ವೈದ್ಯರು ಒಮ್ಮೆ ಮನೆಗೆ ಬಂದು ನೋಡಿ ಬರೆದುಕೊಟ್ಟರೆ ಅದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಇನ್ನು ಪಿಂಚಣಿ. ಇದು ರೋಗಿಯ ಹೆಸರಿನಲ್ಲಿ ಬಂದರೂ ಮನೆ ನಡೆಯುವುದು ಇದರಿಂದಲೇ. ಅಂಗವೈಕಲ್ಯ ಶೇಕಡ 40ರಿಂದ 75ರೊಳಗಿದ್ದರೆ 800 ರೂಪಾಯಿ, ಅದಕ್ಕೆ ಮೇಲಿದ್ದರೆ 1,400 ರೂಪಾಯಿ, ಶೇಕಡ 75ಕ್ಕೆ ಮೀರಿದ ಬುದ್ಧಿಮಾಂದ್ಯವಿದ್ದರೆ 2,000 ರೂಪಾಯಿ. ಅರವತ್ತೈದು ದಾಟಿದವರಿಗೆ ಸಂಧ್ಯಾ ಸುರಕ್ಷಾದಲ್ಲಿ 1,200 ರೂಪಾಯಿ ಇದೆ. ಒಬ್ಬರಿಗೆ ಒಂದೇ ಪಿಂಚಣಿ ಎಂಬುದು ನಿಯಮವಾದ್ದರಿಂದ, ಲಕ್ವ ಹೊಡೆದ ಹಿರಿಯರಿಗೆ ಮೊದಲಿನಿಂದ ಸಂಧ್ಯಾ ಸುರಕ್ಷಾ ಬರುತ್ತಿದ್ದರೆ ಬಹಳ ಮನೆಗಳಲ್ಲಿ ಅದನ್ನೇ ಮುಂದುವರಿಸಿಕೊಂಡು ಹೋಗುತ್ತಾರೆ. ಶೇಕಡ 75ಕ್ಕಿಂತ ಹೆಚ್ಚಿನ ಪ್ರಮಾಣಪತ್ರ ದೊರೆತರೆ ಅಂಗವಿಕಲರ ಪಿಂಚಣಿಗೆ ಬದಲಾಯಿಸಿಕೊಳ್ಳುವುದರಿಂದ ತಿಂಗಳಿಗೆ 200 ರೂಪಾಯಿ ಹೆಚ್ಚುತ್ತದೆ. ಅದಕ್ಕಿಂತ ಮುಖ್ಯವಾದ ಲಾಭವೆಂದರೆ ಅದೇ ಪ್ರಮಾಣಪತ್ರ ಮುಂದೆ ಗಾಲಿಕುರ್ಚಿಗೂ ಬಸ್ ಪಾಸಿಗೂ ಕೆಲಸಕ್ಕೆ ಬರುತ್ತದೆ. ಪಿಂಚಣಿಯ ಅರ್ಜಿಯನ್ನು ನಾಡಕಚೇರಿಯಲ್ಲಿ ಕೊಡಬೇಕು. 2022ರಲ್ಲಿ ಕಂದಾಯ ಇಲಾಖೆ 155245 ಎಂಬ ಸಹಾಯವಾಣಿ ತೆರೆದು, ಕರೆ ಮಾಡಿದವರ ಮನೆಗೇ ಬಂದು ದಾಖಲೆ ಪಡೆದು 72 ಗಂಟೆಯಲ್ಲಿ ಪಿಂಚಣಿ ಮಂಜೂರು ಮಾಡುವ ವ್ಯವಸ್ಥೆಯನ್ನು ಆರಂಭಿಸಿತ್ತು. ಆರೈಕೆ ಮಾಡುವವರನ್ನು ಮನೆಯಿಂದ ಕದಲಿಸದ ಆಲೋಚನೆ ಎಂಬ ಕಾರಣಕ್ಕೆ ನನ್ನ ಅಳತೆಯಲ್ಲಿ ಅದಕ್ಕೆ ಎತ್ತರದ ಸ್ಥಾನ.

ಎಲ್ಲಕ್ಕೂ ಮೂಲವಾದ ಯುಡಿಐಡಿ ಕಾರ್ಡಿನ, ಅಂದರೆ ಅಂಗವಿಕಲರ ಗುರುತಿನ ಚೀಟಿಯ, ವಿಷಯದಲ್ಲಿ ಇದಕ್ಕೆ ತದ್ವಿರುದ್ಧ. ಅರ್ಜಿಯನ್ನು ಮೊಬೈಲಿನಲ್ಲೇ ತುಂಬಬಹುದು, ಗ್ರಾಮ ಒನ್ ಕೇಂದ್ರದಲ್ಲಿ ತುಂಬಿಸಬಹುದು. ಆದರೆ ಪರೀಕ್ಷೆಗೆ ರೋಗಿಯೇ ಹಾಜರಾಗಬೇಕು. ಕತ್ತು ನಿಲ್ಲದ ಹುಡುಗನನ್ನು, ಅಥವಾ ಕೂರಿಸಿದರೆ ಒಂದು ಪಕ್ಕಕ್ಕೆ ವಾಲುವ ಮುದುಕಿಯನ್ನು ಬಾಡಿಗೆ ವಾಹನದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋಗುವುದೆಂದರೆ ಅದು ಇಡೀ ದಿನದ ಕೆಲಸ, ಜೊತೆಗೆ ಇಬ್ಬರು ಗಟ್ಟಿಮುಟ್ಟಾದವರೂ ಬೇಕು. ನಾವು ಹೋದ ಕಡೆ ಹಾಸಿಗೆ ಹಿಡಿದವರಿಗೂ ನಡೆದಾಡುವವರಿಗೂ ಸಾಲು ಒಂದೇ ಆಗಿತ್ತು. ಒಂದು ಸಹಿಗಾಗಿ ಮತ್ತೆ ಬರಲು ಹೇಳಿದರು. ಮತ್ತೆ ಬರಲು ಹೇಳಿದ ಆ ಗುಮಾಸ್ತರಿಗೆ ನಮ್ಮ ಮೇಲೆ ಕೋಪವೇನೂ ಇರಲಿಲ್ಲ. ಮತ್ತೆ ಬರುವುದು ಎಂದರೆ ಮನೆಯಲ್ಲಿ ಏನೆಲ್ಲ ಏರ್ಪಾಡಾಗಬೇಕು ಎಂಬುದು ಅವರ ಗಮನಕ್ಕೇ ಬಂದಿರಲಿಲ್ಲ. ಹಾಸಿಗೆ ಹಿಡಿದವರಿಗೆ ಬೇರೆ ದಿನ ಗೊತ್ತು ಮಾಡಿ, ತಾಲ್ಲೂಕು ಆಸ್ಪತ್ರೆಯಲ್ಲೇ ವೈದ್ಯಕೀಯ ಮಂಡಳಿ ಕುಳಿತು, ಅದೇ ದಿನ ಸಹಿಯೂ ಆಗಿಬಿಟ್ಟರೆ ಅರ್ಧ ಕಷ್ಟ ಕಳೆಯುತ್ತದೆ. ಮತ್ತೊಂದು ತೊಡಕೂ ಇದೆ. ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳ ಪಟ್ಟಿಯಲ್ಲಿ ಮರೆವಿನ ಕಾಯಿಲೆಯ ಹೆಸರು ಬಿಡಿಯಾಗಿ ಇಲ್ಲ. ಅತ್ತೆಯವರಿಗೆ ಕೈಕಾಲು ಬಿದ್ದಿರುವುದರಿಂದ ಚಲನವೈಕಲ್ಯದಡಿ ಪ್ರಮಾಣಪತ್ರ ಸಿಕ್ಕಿತು. ಕೈಕಾಲು ಗಟ್ಟಿಯಿದ್ದು ಬರೀ ಮರೆವು ಬಂದವರನ್ನು, ಅಂದರೆ ಬಾಗಿಲು ತೆರೆದರೆ ಹೊರಟುಬಿಡುವ ಹಿರಿಯರನ್ನು, ಕಾಯುವ ಮನೆಯವರ ಪಾಡು ನಮಗಿಂತಲೂ ಕಠಿಣ.

ಹಣ ಮಂಜೂರಾದ ಮೇಲೆ ಅದನ್ನು ಕೈಗೆ ತೆಗೆದುಕೊಳ್ಳುವ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಇದನ್ನು ನಮಗೆ ಯಾರೂ ಮೊದಲೇ ತಿಳಿಸಿರಲಿಲ್ಲ. ನಮ್ಮ ಪಡಿತರ ಚೀಟಿಯಲ್ಲಿ ಯಜಮಾನಿ ಅತ್ತೆಯವರು. ಹಾಗಾಗಿ ಗೃಹಲಕ್ಷ್ಮಿಯ 2,000 ರೂಪಾಯಿಯೂ ಅವರ ಖಾತೆಗೆ ಹೋಗುತ್ತದೆ, ಪಿಂಚಣಿಯೂ ಅವರ ಖಾತೆಗೆ ಹೋಗುತ್ತದೆ. ಬಲಗೈ ಮುದುಡಿರುವುದರಿಂದ ಸಹಿ ಆಗುವುದಿಲ್ಲ, ಬೆರಳಚ್ಚು ಯಂತ್ರ ಅವರ ಬೆರಳನ್ನು ಗುರುತಿಸುವುದಿಲ್ಲ. ಖಾತೆಯಲ್ಲಿ ಹಣ ಕೂಡುತ್ತಿದ್ದರೂ ಔಷಧಿಗೆ ಸಾಲ ಮಾಡಬೇಕಾದ ಸ್ಥಿತಿ ಎಷ್ಟೋ ಮನೆಗಳಲ್ಲಿ ಬರುವುದು ಹೀಗೆಯೇ. ಇದಕ್ಕೆ ದಾರಿಗಳಿವೆ. ರಿಸರ್ವ್ ಬ್ಯಾಂಕ್ 2017ರ ನವೆಂಬರಿನಲ್ಲಿ ಎಪ್ಪತ್ತು ದಾಟಿದವರಿಗೂ ಅಂಗವಿಕಲರಿಗೂ ಮನೆ ಬಾಗಿಲಲ್ಲಿ ಬ್ಯಾಂಕ್ ಸೇವೆ ಕೊಡಬೇಕೆಂದು ಬ್ಯಾಂಕುಗಳಿಗೆ ಸೂಚಿಸಿದೆ. ಸಹಿ ಮಾಡಲಾಗದ ರೋಗಿಯ ಹೆಬ್ಬೆಟ್ಟಿನ ಗುರುತನ್ನು, ಅದೂ ಆಗದಿದ್ದರೆ ಕಾಲಿನ ಹೆಬ್ಬೆರಳಿನ ಗುರುತನ್ನು, ಇಬ್ಬರು ಸಾಕ್ಷಿಗಳ ಎದುರಿನಲ್ಲಿ ಪಡೆದು ಹಣ ಕೊಡಬಹುದೆಂಬ ನಿಯಮವೂ ಇದೆ. ಆ ಇಬ್ಬರಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿಯಾಗಿರಬೇಕು. ನಾವು ವ್ಯವಹರಿಸುವ ಶಾಖೆಯಲ್ಲಿ ಮೊದಲಿಗೆ ರೋಗಿಯನ್ನು ಕರೆತನ್ನಿ ಎಂದೇ ಹೇಳಿದರು. ನಿಯಮವನ್ನು ತಿಳಿಸಿ, ವೈದ್ಯರ ಪತ್ರ ಲಗತ್ತಿಸಿ, ಲಿಖಿತವಾಗಿ ಅರ್ಜಿ ಕೊಟ್ಟ ಮೇಲೆ ಅಧಿಕಾರಿಯೊಬ್ಬರು ಮನೆಗೆ ಬಂದರು, ಅತ್ತೆಯವರ ಮಂಚದ ಪಕ್ಕ ಕುಳಿತು ಬಹಳ ಮರ್ಯಾದೆಯಿಂದ ಕೆಲಸ ಮುಗಿಸಿಕೊಟ್ಟರು. ಬಾಯಿ ಮಾತಿಗಿಂತ ಲಿಖಿತ ಅರ್ಜಿಗೆ ಬೆಲೆ ಎಂಬುದನ್ನು ಈ ಸ್ಥಿತಿಯಲ್ಲಿರುವ ಎಲ್ಲರೂ ನೆನಪಿಡಬೇಕು. ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಅಂಚೆಯವರು ಮನೆಗೇ ಬಂದು ಹಣ ಕೊಡುತ್ತಾರೆ. ಆದರೆ ಅದಕ್ಕೆ ಬೆರಳಚ್ಚು ಹೊಂದಬೇಕಾದ್ದರಿಂದ ನಮಗೆ ಉಪಯೋಗವಾಗಲಿಲ್ಲ, ತಂಗಿಯ ಊರಿನ ಹಲವು ಹಿರಿಯರಿಗೆ ಆಗಿದೆ.

ಕೋಲಾರ ಜಿಲ್ಲೆಯವರು ಒಂದು ವಿಷಯದಲ್ಲಿ ಅದೃಷ್ಟವಂತರು. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮಕ್ಕೆ ಮೊದಲು ಆರಿಸಿಕೊಂಡ ಜಿಲ್ಲೆಗಳಲ್ಲಿ ಕೋಲಾರವೂ ಇತ್ತು, ಚಿಕ್ಕಬಳ್ಳಾಪುರವೂ ಇತ್ತು. ತಲೆನೋವು, ಮೂರ್ಛೆರೋಗ, ಲಕ್ವ, ಮರೆವಿನ ಕಾಯಿಲೆ, ಈ ನಾಲ್ಕಕ್ಕೂ ಬೆಂಗಳೂರಿಗೆ ಓಡದೆ ಜಿಲ್ಲೆಯಲ್ಲೇ ಚಿಕಿತ್ಸೆ ಸಿಗಬೇಕೆಂಬುದು ಅದರ ಉದ್ದೇಶ. ಅತ್ತೆಯವರ ಮರೆವು ಬರೀ ವಯಸ್ಸಿನದ್ದಲ್ಲ, ಕಾಯಿಲೆ ಎಂದು ನಮಗೆ ಗೊತ್ತಾದದ್ದು ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ. ಅವರು ಈಗ ಕನ್ನಡ ಮರೆತು ತವರಿನ ತೆಲುಗಿನಲ್ಲೇ ಮಾತಾಡುತ್ತಾರೆ. ಪರೀಕ್ಷಿಸಿದ ಸಿಬ್ಬಂದಿ ಅವರೊಂದಿಗೆ ತೆಲುಗಿನಲ್ಲೇ ಮಾತಾಡಿಸಿ ಪ್ರಶ್ನೆ ಕೇಳಿದರು. ಮಲಗಿಸುವಾಗ ಯಾವ ತೋಳಿಗೆ ದಿಂಬು ಕೊಡಬೇಕು, ಗುಟುಕು ನೆತ್ತಿಗೆ ಹತ್ತದಂತೆ ಗಂಜಿಯನ್ನು ಎಷ್ಟು ಗಟ್ಟಿ ಮಾಡಬೇಕು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹಾಸಿಗೆ ಹುಣ್ಣು ಎಲ್ಲಿ ಮೊದಲು ಏಳುತ್ತದೆ, ಇವನ್ನೆಲ್ಲ ನನ್ನ ಕೈಯಿಂದಲೇ ಮಾಡಿಸಿ ತೋರಿಸಿಕೊಟ್ಟರು. ಆ ಒಂದು ಪಾಠ ನನಗೆ ತಿಂಗಳ ಭತ್ಯೆಗಿಂತ ಹೆಚ್ಚಿನ ಉಪಕಾರ ಮಾಡಿದೆ. ಮನೆಯವರಿಗೆ ಆರೈಕೆಯನ್ನು ಕಲಿಸಿಕೊಡುವುದು ಪ್ರತಿ ತಾಲ್ಲೂಕು ಆಸ್ಪತ್ರೆಯ ಕರ್ತವ್ಯಗಳಲ್ಲಿ ಸೇರಬೇಕು.

2024ರ ಅಕ್ಟೋಬರಿನಲ್ಲಿ ನಮ್ಮ ಜಿಲ್ಲೆಯಿಂದಲೇ ಶುರುವಾದ ಗೃಹ ಆರೋಗ್ಯ ಯೋಜನೆಯ ಬಗ್ಗೆಯೂ ಒಳ್ಳೆಯ ಮಾತೇ ಇದೆ. ಮೂವತ್ತು ವರ್ಷ ದಾಟಿದವರ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೆಲವು ಬಗೆಯ ಕ್ಯಾನ್ಸರ್ ಲಕ್ಷಣಗಳನ್ನು ಆರೋಗ್ಯ ಸಿಬ್ಬಂದಿ ಮನೆಗೇ ಬಂದು ತಪಾಸಣೆ ಮಾಡುತ್ತಾರೆ. ಆರೈಕೆದಾರರಿಗೆಂದೇ ರೂಪಿಸಿದ ಯೋಜನೆ ಇದಲ್ಲ. ಆದರೂ ಇಷ್ಟೂ ಯೋಜನೆಗಳ ನಡುವೆ ನನ್ನ ತೋಳಿಗೆ ಪಟ್ಟಿ ಕಟ್ಟಿ ನಿಮ್ಮ ಆರೋಗ್ಯ ಹೇಗಿದೆಯಮ್ಮಾ ಎಂದು ಕೇಳಿದ್ದು ಇದೊಂದೇ. ನನಗೆ ರಕ್ತದೊತ್ತಡ ಇರುವುದು ಆ ದಿನವೇ ತಿಳಿಯಿತು. ಬೇರೊಬ್ಬರನ್ನು ನೋಡಿಕೊಳ್ಳುವವರು ತಮ್ಮ ನೋವಿಗೆ ಆಸ್ಪತ್ರೆಗೆ ಹೋಗುವುದನ್ನು ಮುಂದೂಡುತ್ತಲೇ ಇರುತ್ತಾರೆ, ಹಾಗಾಗಿ ಅವರ ಮನೆಗೆ ಬರುವ ತಪಾಸಣೆಯ ಬೆಲೆ ಬಹಳ ದೊಡ್ಡದು. ಮನಸ್ಸಿನ ಭಾರ ತಡೆಯಲಾಗದವರು 14416 ಸಂಖ್ಯೆಯ ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಗೆ ಕರೆ ಮಾಡಬಹುದು. ರಾತ್ರಿಯೂ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ.

ತಂಗಿಯ ಮಗನಿಗೆ ಸಂಬಂಧಿಸಿದಂತೆ ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆಯನ್ನು ಮಾಡಿಸಿದ್ದೇವೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವೈಕಲ್ಯ ಇರುವವರಿಗೆ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ರಕ್ಷಣೆ ಇದೆ, ಮೊದಲೇ ವೈದ್ಯಕೀಯ ಪರೀಕ್ಷೆ ಮಾಡಿಸಬೇಕಿಲ್ಲ, ಬಡ ಕುಟುಂಬಗಳಿಗೆ ಕಂತು ತೀರಾ ಕಡಿಮೆ. ಆಸ್ಪತ್ರೆಗೆ ಸೇರದೆ ಪಡೆಯುವ ಫಿಸಿಯೋಥೆರಪಿಯಂಥ ಚಿಕಿತ್ಸೆಗೂ ಇದರಲ್ಲಿ ಅವಕಾಶವಿರುವುದು ವಿಶೇಷ. ಆಸ್ಪತ್ರೆಗೆ ದಾಖಲಾದರೆ ಮಾತ್ರ ಒದಗುವ ದೊಡ್ಡ ವಿಮೆಗಳಿಗಿಂತ ಇಂಥ ಮಕ್ಕಳಿಗೆ ಇದೇ ಹೆಚ್ಚು ಹೊಂದುತ್ತದೆ. ಕೊರತೆಯೆಂದರೆ ಮೊದಲು ಕೈಯಿಂದ ಖರ್ಚು ಮಾಡಿ, ರಸೀದಿ ಕಳಿಸಿ, ಆಮೇಲೆ ಹಣಕ್ಕಾಗಿ ಕಾಯಬೇಕು. ಕೂಲಿ ಬಿಟ್ಟ ಮನೆಯಲ್ಲಿ ಆ ಮೊದಲ ಹಣ ಎಲ್ಲಿಂದ ಬರಬೇಕು? ಹುಡುಗನಿಗೆ ಹದಿನೆಂಟು ತುಂಬಿದ ಮೇಲೆ ಅವನ ಪರವಾಗಿ ಸಹಿ ಮಾಡಲು ತಾಯಿಗೂ ಕಾನೂನಿನ ಮನ್ನಣೆ ಬೇಕಾಗುತ್ತದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಪಾಲಕರನ್ನು ನೇಮಿಸುತ್ತದೆ. ನ್ಯಾಯಾಲಯಕ್ಕೆ ಅಲೆಯದೆ ಜಿಲ್ಲಾಧಿಕಾರಿ ಕಚೇರಿಯಲ್ಲೇ ಮುಗಿಯುವ ಕೆಲಸ ಇದು. ನಾವಿಲ್ಲದ ಮೇಲೆ ಈ ಮಗುವಿನ ಗತಿಯೇನು ಎಂದು ಚಿಂತಿಸುವ ತಂದೆತಾಯಿಗಳು ಈ ಸಮಿತಿಯ ಬಗ್ಗೆ ತಿಳಿದುಕೊಳ್ಳಲೇಬೇಕು.

ತೆರಿಗೆ ಕಟ್ಟುವ ಮನೆಗಳಿಗೆ ಆದಾಯ ತೆರಿಗೆಯಲ್ಲಿ (1961ರ ಕಾಯ್ದೆಯಲ್ಲಿ 80ಡಿಡಿ ಕಲಮು) 75,000 ರೂಪಾಯಿ, ಶೇಕಡ 80 ಅಥವಾ ಅದಕ್ಕೆ ಮೇಲ್ಪಟ್ಟ ವೈಕಲ್ಯವಿದ್ದರೆ 1,25,000 ರೂಪಾಯಿ ಕಡಿತವಿದೆ, ಅದೂ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ. ನಮ್ಮ ಕಡೆಯ ಕೂಲಿಕಾರರಿಗೆ, ಸಣ್ಣ ರೈತರಿಗೆ ಇದರಿಂದ ಪ್ರಯೋಜನವಿಲ್ಲ.

ಇಷ್ಟು ಯೋಜನೆಗಳನ್ನು ಮನೆಯವರಿಗೆ ಮುಟ್ಟಿಸುವ ಕೊಂಡಿ ಎಂದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು. ಜನ ಇವರನ್ನು ವಿಆರ್‌ಡಬ್ಲ್ಯು ಎಂದೇ ಕರೆಯುತ್ತಾರೆ, ತಾಲ್ಲೂಕು ಮಟ್ಟದವರು ಎಂಆರ್‌ಡಬ್ಲ್ಯು. ಇವರೂ ಅಂಗವಿಕಲರೇ, ಗೌರವಧನದ ಮೇಲೆ ದುಡಿಯುವವರು. ತಂಗಿಯ ಪಂಚಾಯಿತಿಯ ಕಾರ್ಯಕರ್ತರು ಕಾಲಿನ ತೊಂದರೆಯಿದ್ದರೂ ತ್ರಿಚಕ್ರ ವಾಹನದಲ್ಲಿ ಮನೆಗೆ ಬಂದು ಭತ್ಯೆಯ ಅರ್ಜಿ ತುಂಬಿಸಿದರು, ದಾಖಲೆಗಳ ಫೋಟೊ ತಾವೇ ತೆಗೆದುಕೊಂಡರು, ಮಂಜೂರಾಗುವವರೆಗೆ ವಿಚಾರಿಸುತ್ತಲೇ ಇದ್ದರು. ತಂಗಿ ಮಗನ ಪಕ್ಕದಿಂದ ಏಳದೆ ಆದ ಏಕೈಕ ಸರ್ಕಾರಿ ಕೆಲಸ ಅದು. ನಾನು ಬಳಸಿ ನೋಡಿದ ಸೇವೆಗಳಲ್ಲೆಲ್ಲ ಅತ್ಯುತ್ತಮವಾದದ್ದು ಯಾವುದೆಂದು ಕೇಳಿದರೆ ಇವರದ್ದೇ ಎನ್ನುತ್ತೇನೆ. ಇವರಿಗೆ ಸಿಗುವ ಗೌರವಧನ ಈ ದುಡಿಮೆಗೆ ತಕ್ಕದ್ದಲ್ಲ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳುತ್ತೇನೆ.

ಎಲ್ಲಿಯೂ ಸಿಗದ ಸೇವೆ ಒಂದಿದೆ: ಆರೈಕೆ ಮಾಡುವವಳಿಗೆ ಕೆಲವು ಗಂಟೆಗಳ ಬಿಡುವು. ಮದುವೆಗೆ ಹೋಗುವುದಿರಲಿ, ತನ್ನದೇ ಹಲ್ಲುನೋವಿಗೆ ವೈದ್ಯರ ಬಳಿ ಹೋಗಬೇಕಾದರೂ ಪಕ್ಕದ ಮನೆಯವರ ದಾಕ್ಷಿಣ್ಯ ಬೇಕು. ಹಿರಿಯ ನಾಗರಿಕರ ಹಗಲು ಯೋಗಕ್ಷೇಮ ಕೇಂದ್ರಗಳು ಓಡಾಡಿಕೊಂಡಿರುವ ಹಿರಿಯರಿಗೆ ಅನುಕೂಲ, ಹಾಸಿಗೆ ಹಿಡಿದವರಿಗೆ ಅಲ್ಲಿ ಜಾಗವಿಲ್ಲ. ತರಬೇತಿ ಪಡೆದ ಒಬ್ಬ ಮಹಿಳೆ ವಾರದಲ್ಲಿ ಒಂದು ಮಧ್ಯಾಹ್ನ ಮನೆಗೆ ಬಂದು ರೋಗಿಯ ಪಕ್ಕ ಕೂರುವ ವ್ಯವಸ್ಥೆಯಾದರೆ ನಾನಾಗಲಿ ತಂಗಿಯಾಗಲಿ ಭತ್ಯೆಗಿಂತ ಮೊದಲು ಅದನ್ನೇ ಆರಿಸಿಕೊಳ್ಳುತ್ತೇವೆ. ಇದಕ್ಕೆ ಹೊಸ ಯೋಜನೆಗಾಗಿ ಕಾಯಬೇಕಿಲ್ಲ. ಗ್ರಾಮ ಪಂಚಾಯಿತಿಗಳು ಶೇಕಡ 5ರಷ್ಟು ಅನುದಾನವನ್ನು ಅಂಗವಿಕಲರಿಗಾಗಿ ಮೀಸಲಿಡಬೇಕು. ಅದರಿಂದ ಸಾಮಾನ್ಯವಾಗಿ ಸಲಕರಣೆ ಕೊಳ್ಳುತ್ತಾರೆ, ಇಲ್ಲವೆ ಸಹಾಯಧನ ಹಂಚುತ್ತಾರೆ. ಊರಿನ ಸ್ವಸಹಾಯ ಸಂಘದ ಒಬ್ಬಿಬ್ಬರು ಹೆಣ್ಣುಮಕ್ಕಳಿಗೆ ಆಸ್ಪತ್ರೆಯಲ್ಲಿ ತರಬೇತಿ ಕೊಡಿಸಿ, ಆ ಮೊತ್ತದಲ್ಲೇ ಅವರ ದಿನಗೂಲಿ ಕೊಟ್ಟು ಇಂಥ ಮನೆಗಳಿಗೆ ಸರದಿಯಂತೆ ಕಳಿಸಬೇಕೆಂದು ತಂಗಿಯೂ ನಾನೂ ನಮ್ಮ ನಮ್ಮ ಪಂಚಾಯಿತಿಗೆ ಲಿಖಿತ ಅರ್ಜಿ ಕೊಟ್ಟಿದ್ದೇವೆ. ಮುಂದಿನ ಗ್ರಾಮಸಭೆಯ ವಿಷಯಪಟ್ಟಿಯಲ್ಲಿ ಅದನ್ನು ಸೇರಿಸುವುದಾಗಿ ಎರಡೂ ಕಡೆ ಹೇಳಿದ್ದಾರೆ.